ಆತಂಕಕ್ಕೆ ಧ್ಯಾನವೋ ಮಾತ್ರೆಯೋ? ಕ್ಲಿನಿಕಲ್ ಟ್ರಯಲ್ ಬಗ್ಗೆ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ಹಲವು ವರ್ಷ ಟ್ರಯಲ್ ಕೋಆರ್ಡಿನೇಟರ್ ಆಗಿದ್ದೆ. ಹೊಸ ಚಿಕಿತ್ಸೆಯ ಅಧ್ಯಯನಕ್ಕೆ ಸೇರಲು ಬಂದವರನ್ನು ಕೂರಿಸಿಕೊಂಡು, ಒಪ್ಪಿಗೆ ಪತ್ರದ ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳುವುದು ನನ್ನ ಕೆಲಸ. ಮಂಡ್ಯದಿಂದ ಬಂದವರು, ಕೋಲಾರದಿಂದ ಬಂದವರು, ಪಕ್ಕದ ಬೀದಿಯವರು, ಎಲ್ಲರೂ ಕೇಳುತ್ತಿದ್ದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಈಗ ಕೆಲಸ ಬಿಟ್ಟಿದ್ದೇನೆ. ಆದರೂ ನೆಂಟರು, ಗೆಳತಿಯರು, ಅವರ ಪರಿಚಯದವರು ಫೋನ್ ಮಾಡಿ ಕೇಳುತ್ತಲೇ ಇರುತ್ತಾರೆ. ಇತ್ತೀಚೆಗೆ ಜಾಸ್ತಿ ಬರುವುದು ಆತಂಕದ ಬಗ್ಗೆ. ಮಾತ್ರೆ ತಗೋಬೇಕಾ, ಧ್ಯಾನ ಸಾಕಾ? ಹಾಗಾಗಿ ಅದನ್ನೇ ಮುಂದಿಟ್ಟುಕೊಂಡು ಉತ್ತರ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಚಿಕಿತ್ಸೆಯನ್ನು ನಿಮ್ಮ ಡಾಕ್ಟರ ಜೊತೆ ಕೂತು ತೀರ್ಮಾನಿಸಿ. ಅಲ್ಲಿ ಏನೇನು ಕೇಳಬೇಕು ಅನ್ನುವುದಕ್ಕೆ ಇದು ನೆರವಾಗಲಿ.

ಕ್ಲಿನಿಕಲ್ ಟ್ರಯಲ್ ಅಂದರೆ ಏನು? ನಮ್ಮನ್ನು ಇಲಿಗಳ ಹಾಗೆ ಬಳಸುತ್ತಾರಾ?

ಇದು ಎಲ್ಲರ ಮೊದಲ ಪ್ರಶ್ನೆ. ಕೇಳುವಾಗ ಕಣ್ಣಲ್ಲಿ ಭಯ ಇರುತ್ತದೆ. ಆ ಭಯ ನ್ಯಾಯವಾದದ್ದೇ.

ಒಂದು ಚಿಕಿತ್ಸೆ ನಿಜಕ್ಕೂ ಕೆಲಸ ಮಾಡುತ್ತದಾ, ಎಷ್ಟು ಮಾಡುತ್ತದೆ, ಅದರಿಂದ ಏನು ತೊಂದರೆ ಆಗಬಹುದು? ಇದನ್ನು ಒಪ್ಪಿಗೆ ಕೊಟ್ಟ ಜನರಲ್ಲಿ, ಮೊದಲೇ ಬರೆದಿಟ್ಟ ಕ್ರಮದಲ್ಲಿ ಪರೀಕ್ಷಿಸುವುದೇ ಟ್ರಯಲ್. ಔಷಧಿಯೇ ಆಗಬೇಕು ಅಂತಿಲ್ಲ. ಆಪರೇಷನ್ ಮಾಡುವ ರೀತಿ, ಲಸಿಕೆ, ರಕ್ತಪರೀಕ್ಷೆ, ವ್ಯಾಯಾಮ, ಕೌನ್ಸೆಲಿಂಗ್, ಧ್ಯಾನ, ಯಾವುದನ್ನಾದರೂ ಹೀಗೆ ಒರೆಗೆ ಹಚ್ಚಬಹುದು.

ಹೊಸ ಔಷಧಿಯಾದರೆ ನಾಲ್ಕು ಹಂತ. ಮೊದಲು ಕೆಲವೇ ಜನರಲ್ಲಿ, ಸುರಕ್ಷಿತವೇ ಅಂತ ನೋಡುತ್ತಾರೆ. ಆಮೇಲೆ ಕಾಯಿಲೆ ಇರುವ ಇನ್ನಷ್ಟು ಜನರಲ್ಲಿ, ಕೆಲಸ ಮಾಡುವ ಲಕ್ಷಣ ಇದೆಯೇ, ಯಾವ ಡೋಸ್ ಸರಿ ಅಂತ. ಮೂರನೆಯ ಹಂತದಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಜನ ಇರುತ್ತಾರೆ. ಅಲ್ಲಿ ಈಗಿರುವ ಚಿಕಿತ್ಸೆಗೋ, ನೋಡಲು ಹಾಗೇ ಇದ್ದು ಒಳಗೆ ಔಷಧಿಯಿಲ್ಲದ ಹುಸಿ ಮಾತ್ರೆಗೋ ಹೋಲಿಸುತ್ತಾರೆ. ನಾಲ್ಕನೆಯದು ಔಷಧಿ ಅಂಗಡಿಗೆ ಬಂದ ಮೇಲೂ ಅದರ ಮೇಲೆ ಕಣ್ಣಿಡುವುದು.

ಇಲಿಗೂ ನಮಗೂ ಇರುವ ವ್ಯತ್ಯಾಸ ಇಷ್ಟು: ನಾವು ಪ್ರಶ್ನೆ ಕೇಳಬಹುದು, ಬೇಡ ಅನ್ನಬಹುದು, ನಡುವೆ ಎದ್ದು ಹೋಗಬಹುದು. ಇವು ನಿಜವಾಗಿ ನಡೆಯಬೇಕು. ಕಾಗದದ ಮೇಲಿದ್ದರೆ ಸಾಲದು. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ಅನುಭವ ಇರುವ ಡಾಕ್ಟರ್ ಹೇಳಿದರೆ ಸಾಕಲ್ವಾ? ಟ್ರಯಲ್ ಯಾಕೆ ಬೇಕು?

ಕೋವಿಡ್ ಸಮಯ ನೆನಪಿದೆಯಾ? ವಾಟ್ಸಾಪ್ ತುಂಬ ಒಂದೇ ಮಾತು: "ಬಿ ಪಾಸಿಟಿವ್ ಪ್ಲಾಸ್ಮಾ ಬೇಕು, ಅರ್ಜೆಂಟ್." ನಾನೂ ನಮ್ಮ ಸೋದರಮಾವನಿಗಾಗಿ ಒಂದು ರಾತ್ರಿಯೆಲ್ಲ ಫೋನ್ ಮಾಡಿದ್ದೆ. ಕಾಯಿಲೆ ಗೆದ್ದವರ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ವೈರಸ್ಸಿನ ವಿರುದ್ಧ ಹೋರಾಡುವ ಪ್ರತಿಕಾಯಗಳಿರುತ್ತವೆ, ಅದನ್ನು ಕಾಯಿಲೆ ಬಿದ್ದವರಿಗೆ ಕೊಟ್ಟರೆ ಬದುಕುತ್ತಾರೆ ಅನ್ನುವ ತರ್ಕ ಚೆನ್ನಾಗಿಯೇ ಇತ್ತು. ಕೊಟ್ಟ ಮೇಲೆ ಚೇತರಿಸಿಕೊಂಡವರನ್ನು ಡಾಕ್ಟರುಗಳೂ ಕಣ್ಣಾರೆ ಕಂಡಿದ್ದರು.

ದೇಶದ ವೈದ್ಯಕೀಯ ಸಂಶೋಧನೆ ನೋಡಿಕೊಳ್ಳುವ ಐಸಿಎಂಆರ್ ಸಂಸ್ಥೆ 2020ರ ಏಪ್ರಿಲ್‌ನಿಂದ ಜುಲೈವರೆಗೆ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿತು. ಹೆಸರು ಪ್ಲಾಸಿಡ್ ಟ್ರಯಲ್. ಪ್ಲಾಸ್ಮಾ ಪಡೆದ 235 ಜನರಲ್ಲಿ 44 ಜನರಿಗೆ ಕಾಯಿಲೆ ಉಲ್ಬಣಿಸಿತು ಅಥವಾ ಅವರು ತೀರಿಕೊಂಡರು. ಪಡೆಯದ 229 ಜನರಲ್ಲಿ ಆ ಸಂಖ್ಯೆ 41. ನೂರಕ್ಕೆ 19, ನೂರಕ್ಕೆ 18. ಪ್ಲಾಸ್ಮಾದಿಂದ ಉಪಯೋಗ ಆಗಿರಲಿಲ್ಲ. ಆ ಫಲಿತಾಂಶ 2020ರಲ್ಲೇ ಹೊರಬಂತು. ಚಿಕಿತ್ಸೆಯ ಪಟ್ಟಿಯಿಂದ ಪ್ಲಾಸ್ಮಾ ಹೊರಗೆ ಹೋದದ್ದು 2021ರ ಮೇ ತಿಂಗಳಲ್ಲಿ. ಅಲ್ಲಿಯವರೆಗೂ ಜನ ಅಲೆದರು, ಸಾಲ ಮಾಡಿದರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹಾಗಾದರೆ ಡಾಕ್ಟರ ಅನುಭವ ಸುಳ್ಳಾ? ಸುಳ್ಳಲ್ಲ. ಆದರೆ ಅವರಿಗೆ ಕಾಣುವುದು ಅರ್ಧ. ಪ್ಲಾಸ್ಮಾ ಕೊಡದೆಯೂ ಆ ಮನುಷ್ಯ ಹುಷಾರಾಗುತ್ತಿದ್ದನಾ ಅನ್ನುವುದು ಯಾರಿಗೂ ಕಾಣುವುದಿಲ್ಲ. ವಾಸಿಯಾದವರು ಹಣ್ಣು ಹಿಡಿದುಕೊಂಡು ಥ್ಯಾಂಕ್ಸ್ ಹೇಳಲು ಬರುತ್ತಾರೆ. ಆಗದವರು ಬೇರೆ ಆಸ್ಪತ್ರೆ ಹುಡುಕಿಕೊಂಡು ಹೋಗುತ್ತಾರೆ. ಆತಂಕದಂಥ ತೊಂದರೆಯಲ್ಲಿ ಇದು ಇನ್ನೂ ಜಾಸ್ತಿ. ಅದು ಏರುತ್ತದೆ, ಇಳಿಯುತ್ತದೆ. ತುಂಬಾ ಏರಿದಾಗಲೇ ನಾವು ಡಾಕ್ಟರ ಹತ್ತಿರ ಹೋಗುವುದು. ಅಲ್ಲಿಂದ ಇಳಿಯುವುದು ಸಹಜವೇ. ಆ ವಾರ ಕುಡಿದ ಕಷಾಯಕ್ಕೆ ಹೆಸರು ಬರುತ್ತದೆ.

ಅದೇ 2020ರಲ್ಲಿ ಬ್ರಿಟನ್ನಿನ ರಿಕವರಿ ಟ್ರಯಲ್ ಡೆಕ್ಸಾಮೆಥಾಸೋನ್ ಅನ್ನುವ ಹಳೆಯ, ಅಗ್ಗದ ಔಷಧಿಯನ್ನು ಪರೀಕ್ಷಿಸಿತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ನೂರಕ್ಕೆ 41ರಿಂದ 29ಕ್ಕೆ ಇಳಿಯಿತು. ಯಾವುದು ಜೀವ ಉಳಿಸುತ್ತದೆ, ಯಾವುದು ಇಲ್ಲ ಅನ್ನುವುದನ್ನು ಬೇರ್ಪಡಿಸಿದ್ದು ಎರಡು ಕಡೆಯೂ ಹೋಲಿಕೆಯೇ.

ಯಾರಿಗೆ ಯಾವ ಚಿಕಿತ್ಸೆ ಅಂತ ಚೀಟಿ ಎತ್ತಿ ತೀರ್ಮಾನಿಸುತ್ತಾರಂತೆ. ಇದು ಸರಿಯಾ?

ಕೇಳುವುದಕ್ಕೆ ಕಷ್ಟವಾಗುತ್ತದೆ, ನಿಜ. ಈಗ ಕಂಪ್ಯೂಟರ್ ಮಾಡುತ್ತದೆ, ಆದರೆ ಕೆಲಸ ಚೀಟಿ ಎತ್ತುವುದೇ.

ಬೇಕಾದವರು ಬೇಕಾದದ್ದನ್ನು ಆರಿಸಿಕೊಳ್ಳಲಿ ಅಂತ ಬಿಟ್ಟರೆ ಏನಾಗುತ್ತದೆ ನೋಡಿ. ಧ್ಯಾನದ ಗುಂಪಿಗೆ ಹೋಗುವವರು ಬಿಡುವು ಇರುವವರು, ಸ್ವಲ್ಪ ಅನುಕೂಲಸ್ಥರು, ಆತಂಕ ಅಷ್ಟು ತೀವ್ರವಾಗಿಲ್ಲದವರು ಆಗಿರಬಹುದು. ಕೊನೆಗೆ ಅವರೇ ಜಾಸ್ತಿ ಸುಧಾರಿಸಿದರೆ ಅದು ಧ್ಯಾನದಿಂದಲೋ ಅನುಕೂಲದಿಂದಲೋ ಹೇಳುವುದು ಹೇಗೆ? ಚೀಟಿ ಎತ್ತಿದರೆ ಬಡವರು, ಉಳ್ಳವರು, ತೀವ್ರ, ಸೌಮ್ಯ ಎಲ್ಲ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಬೀಳುತ್ತಾರೆ.

ಇದನ್ನು ಗಟ್ಟಿಯಾಗಿ ತೋರಿಸಿದ್ದು 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಅಧ್ಯಯನ. ಕ್ಷಯಕ್ಕೆ ಆಗಷ್ಟೇ ಬಂದ ಔಷಧಿ, ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಅಂಟಿಸಿದ ಲಕೋಟೆಗಳ ವ್ಯವಸ್ಥೆ ಮಾಡಿದರು. ಲಕೋಟೆ ತೆರೆಯುವವರೆಗೆ ಯಾರು ಯಾವ ಗುಂಪು ಅಂತ ಡಾಕ್ಟರಿಗೂ ಗೊತ್ತಿಲ್ಲ. ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ 4 ಜನ ತೀರಿಕೊಂಡರು. ಹಾಸಿಗೆಯಲ್ಲಿ ವಿಶ್ರಾಂತಿ ಮಾತ್ರ ಪಡೆದ 52 ಜನರಲ್ಲಿ 14 ಜನ.

ಆತಂಕಕ್ಕೆ ಧ್ಯಾನ ಮಾತ್ರೆಯಷ್ಟೇ ಕೆಲಸ ಮಾಡುತ್ತದೆ ಅಂತ ಓದಿದೆ. ನಿಜವೇ?

ನೀವು ಓದಿದ್ದು ಬಹುಶಃ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ತಂಡ ನಡೆಸಿದ ಅಧ್ಯಯನದ ಸುದ್ದಿ. 2022ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಅದನ್ನು ನಿಧಾನವಾಗಿ ನೋಡೋಣ. ಸುದ್ದಿಯ ತಲೆಬರಹಕ್ಕಿಂತ ಒಳಗಿನ ವಿವರ ಹೆಚ್ಚು ಉಪಯೋಗದ್ದು.

ಬಾಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್ ಊರುಗಳಲ್ಲಿ ಆತಂಕದ ಕಾಯಿಲೆ ಇದೆ ಅಂತ ತಜ್ಞರು ಗುರುತಿಸಿದ 276 ವಯಸ್ಕರನ್ನು ಆರಿಸಿದರು. ಸದಾ ಚಿಂತೆ ಕಾಡುವವರು, ನಾಲ್ಕು ಜನರ ಮುಂದೆ ಹೋಗಲು ಭಯಪಡುವವರು, ಇದ್ದಕ್ಕಿದ್ದಂತೆ ಗಾಬರಿ ಹೊಡೆತಕ್ಕೆ ಸಿಕ್ಕುವವರು ಹೀಗೆ. ಚೀಟಿ ಎತ್ತಿದರು. 140 ಜನರಿಗೆ ಎಸಿಟಾಲೊಪ್ರಾಮ್ ಮಾತ್ರೆ, ದಿನಕ್ಕೆ 10ರಿಂದ 20 ಮಿಲಿಗ್ರಾಂ. ಆತಂಕಕ್ಕೆ ನಮ್ಮ ಊರಿನ ಡಾಕ್ಟರುಗಳೂ ಬರೆಯುವ ಮಾತ್ರೆ ಅದು. ಉಳಿದ 136 ಜನರಿಗೆ ಎಂಟು ವಾರದ ಮೈಂಡ್‌ಫುಲ್‌ನೆಸ್ ತರಗತಿ, ಅಂದರೆ ಈ ಕ್ಷಣದ ಮೇಲೆ ಗಮನ ಇಡುವ ಧ್ಯಾನ.

ಆ ತರಗತಿ ಎಂಥದ್ದು? ವಾರಕ್ಕೊಮ್ಮೆ ಎರಡೂವರೆ ಗಂಟೆ, ಗುರುವಿನ ಎದುರು ಕೂತು. ನಡುವೆ ಒಂದು ಇಡೀ ದಿನದ ಶಿಬಿರ. ಮನೆಯಲ್ಲಿ ದಿನಾ 45 ನಿಮಿಷ ಅಭ್ಯಾಸ. ಇದನ್ನು ಮರೆಯಬೇಡಿ. ಮೊಬೈಲಿನಲ್ಲಿ ಐದು ನಿಮಿಷ ಕೊಳಲಿನ ಸಂಗೀತ ಕೇಳಿದ್ದನ್ನು ಯಾರೂ ಪರೀಕ್ಷಿಸಲಿಲ್ಲ.

ಎಂಟು ವಾರವಾದ ಮೇಲೆ ಯಾರು ಯಾವ ಗುಂಪು ಅಂತ ಗೊತ್ತಿಲ್ಲದ ತಜ್ಞರು ಎಲ್ಲರನ್ನೂ ಮಾತಾಡಿಸಿ ಅಂಕ ಕೊಟ್ಟರು. 1 ಅಂದರೆ ಆರೋಗ್ಯ, 7 ಅಂದರೆ ತೀರಾ ಕಾಯಿಲೆ. ಶುರುವಿನಲ್ಲಿ ಎರಡೂ ಗುಂಪು ಸುಮಾರು 4.5ರಲ್ಲಿದ್ದವು. ಧ್ಯಾನದ ಗುಂಪು 1.35 ಇಳಿಯಿತು, ಮಾತ್ರೆಯ ಗುಂಪು 1.43. ವ್ಯತ್ಯಾಸ ಸಾಸಿವೆಯಷ್ಟು.

ತೊಂದರೆಗಳ ಲೆಕ್ಕ ಮಾತ್ರ ಬೇರೆಯಾಗಿತ್ತು. ಮಾತ್ರೆಯ ಗುಂಪಿನಲ್ಲಿ 110 ಜನ ಒಂದಲ್ಲ ಒಂದು ಅಡ್ಡಪರಿಣಾಮ ಹೇಳಿದರು. ಧ್ಯಾನದ ಗುಂಪಿನಲ್ಲಿ 21 ಜನ. ಅಡ್ಡಪರಿಣಾಮದಿಂದ ಮಾತ್ರೆಯ ಗುಂಪು ಬಿಟ್ಟವರು 10 ಜನ, ಧ್ಯಾನದ ಕಡೆ ಯಾರೂ ಇಲ್ಲ.

ಈ ಅಧ್ಯಯನ ನನಗೆ ಇಷ್ಟವಾಗಲು ಕಾರಣ ಇದೆ. ಧ್ಯಾನವನ್ನು ಅವರು ಗಂಭೀರವಾಗಿ ತೆಗೆದುಕೊಂಡರು. ಬೆಂಚಿನ ಮೇಲೆ ಸುಮ್ನೆ ಕಾಯುತ್ತಿದ್ದವರ ಜೊತೆ ಹೋಲಿಸಿ ಗೆಲ್ಲಿಸಲಿಲ್ಲ. ಈಗಿರುವ ಒಳ್ಳೆಯ ಚಿಕಿತ್ಸೆಯ ಪಕ್ಕದಲ್ಲೇ ನಿಲ್ಲಿಸಿ ತೂಗಿದರು.

"ಅಷ್ಟೇ ಕೆಲಸ" ಅನ್ನುವುದನ್ನು ಹೇಗೆ ತೀರ್ಮಾನಿಸುತ್ತಾರೆ?

ಅಧ್ಯಯನ ಶುರುವಾಗುವ ಮೊದಲೇ ಒಂದು ಗೆರೆ ಎಳೆಯುತ್ತಾರೆ: "ಹೊಸದು ಹಳೆಯದಕ್ಕಿಂತ ಇಷ್ಟಕ್ಕಿಂತ ಜಾಸ್ತಿ ಹಿಂದೆ ಬೀಳದಿದ್ದರೆ ಒಪ್ಪುತ್ತೇವೆ." ಮೇಲಿನ ಅಧ್ಯಯನದಲ್ಲಿ ಆ ಗೆರೆ ಸುಮಾರು ಅರ್ಧ ಅಂಕ. ಧ್ಯಾನ ಗೆರೆಯ ಒಳಗೇ ಉಳಿಯಿತು.

ಇಂಥದ್ದೇ ಪ್ರಶ್ನೆಯನ್ನು ನಮ್ಮ ದಕ್ಷಿಣದಲ್ಲೇ ಕೇಳಿ ಜಗತ್ತಿನ ವೈದ್ಯಕೀಯವನ್ನು ಬದಲಿಸಿದ್ದುಂಟು. ಆಗ ಕ್ಷಯ ಬಂದರೆ ಸ್ಯಾನಟೋರಿಯಂಗೆ ಹೋಗಬೇಕಿತ್ತು. ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ಹೆಸರು ಹಳೆಯ ತಲೆಮಾರಿಗೆ ಗೊತ್ತು. ಮನೆ ಬಿಟ್ಟು, ಮಕ್ಕಳನ್ನು ಬಿಟ್ಟು, ತಿಂಗಳುಗಟ್ಟಲೆ ಅಲ್ಲಿ ಇರಬೇಕು. 1956ರಲ್ಲಿ ಮದರಾಸಿನಲ್ಲಿ ಒಂದು ಅಧ್ಯಯನ ಶುರುವಾಯಿತು. ಬಡ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಸ್ಯಾನಟೋರಿಯಂ, ಉಳಿದವರಿಗೆ ಇಕ್ಕಟ್ಟಾದ ಮನೆಯಲ್ಲೇ ಅದೇ ಮಾತ್ರೆ. ಒಂದು ವರ್ಷದ ಚಿಕಿತ್ಸೆಯ ಫಲಿತಾಂಶ 1959ರಲ್ಲಿ ಬಂತು. ಮನೆಯಲ್ಲಿದ್ದವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಯವರಿಗೆ ಕಾಯಿಲೆ ಹರಡಿದ್ದೂ ಜಾಸ್ತಿಯಾಗಿರಲಿಲ್ಲ. "ಅಷ್ಟೇ ಕೆಲಸ" ಅನ್ನುವ ಮಾತು ಎಷ್ಟೋ ತಾಯಂದಿರನ್ನು ಮಕ್ಕಳ ಹತ್ತಿರ ಉಳಿಸಿತು.

ಹಾಗಾದರೆ ಆ ಧ್ಯಾನದ ಅಧ್ಯಯನದಲ್ಲಿ ಕೊರತೆಯೇ ಇಲ್ವಾ?

ಇದೆ. ಏನೂ ಕೊಡದ ಮೂರನೆಯ ಗುಂಪು ಇರಲಿಲ್ಲ. ಹಾಗಾಗಿ ಎರಡೂ ಕಡೆಯ ಸುಧಾರಣೆಯಲ್ಲಿ ತಾನಾಗಿ ಇಳಿದ ಪಾಲು ಎಷ್ಟು ಅಂತ ಹೇಳಲಾಗದು. 276 ಜನರಲ್ಲಿ ಕೊನೆಯವರೆಗೆ ಉಳಿದವರು 208. ಅವರಲ್ಲಿ ಮುಕ್ಕಾಲು ಪಾಲು ಹೆಂಗಸರು, ಸರಾಸರಿ ವಯಸ್ಸು 33. ಅರವತ್ತು ದಾಟಿದ ನಿಮ್ಮ ಮಾವನವರಿಗೆ ಇದು ಹಾಗೇ ಹೊಂದುತ್ತದೆ ಅಂತ ಹೇಳಲು ಬರುವುದಿಲ್ಲ. ತಾವು ಯಾವ ಚಿಕಿತ್ಸೆಯಲ್ಲಿದ್ದೇವೆ ಅನ್ನುವುದು ಸೇರಿದವರಿಗೆ ಗೊತ್ತಿತ್ತು. ಧ್ಯಾನವನ್ನು ಗುಟ್ಟಾಗಿ ಕೊಡಲು ಆಗುವುದಿಲ್ಲವಲ್ಲ.

ಇನ್ನೊಂದು ವಿಷಯ. ಎರಡರಲ್ಲಿ ಯಾವುದು ಸಿಕ್ಕಿದರೂ ಸರಿ ಅಂದವರು ಮಾತ್ರ ಇಂಥ ಅಧ್ಯಯನಕ್ಕೆ ಬರುತ್ತಾರೆ. ಧ್ಯಾನ ಅಂದರೇನೇ ಆಗದವರು ಅದರೊಳಗಿಲ್ಲ.

ಮಾತ್ರೆ ನಿಲ್ಲಿಸಿ ಧ್ಯಾನ ಶುರು ಮಾಡಬಹುದಾ?

ನೀವಾಗಿಯೇ ನಿಲ್ಲಿಸಬೇಡಿ. ಎಸಿಟಾಲೊಪ್ರಾಮ್‌ನಂಥ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಸಿಡಿಮಿಡಿ, ಮೈಯಲ್ಲಿ ಕರೆಂಟ್ ಹರಿದಂಥ ಅನುಭವ ಆಗಬಹುದು. ಆತಂಕವೂ ಮರಳಬಹುದು. ಕಡಿಮೆ ಮಾಡಬೇಕಿದ್ದರೆ ಡಾಕ್ಟರೇ ನಿಧಾನವಾಗಿ ಇಳಿಸುತ್ತಾರೆ. ಮಾತ್ರೆ ತಗೊಳ್ಳುತ್ತಲೇ ಧ್ಯಾನ ಕಲಿಯಲು ಅಡ್ಡಿ ಸಾಮಾನ್ಯವಾಗಿ ಇಲ್ಲ. ಕೇಳಿ ಶುರು ಮಾಡಿ.

ಹೊಸದಾಗಿ ಮಾತ್ರೆ ಶುರು ಮಾಡಿದವರಿಗೂ ಒಂದು ಮಾತು. ಇದರ ಫಲ ಕಾಣಲು ಕೆಲವು ವಾರ ಬೇಕು. ಮೊದಲ ವಾರ ವಾಕರಿಕೆ, ಚಡಪಡಿಕೆ ಆಗಿ "ಇದು ನನಗೆ ಆಗಿಬರಲ್ಲ" ಅಂತ ಬಿಟ್ಟವರನ್ನು ತುಂಬಾ ಜನರನ್ನು ನೋಡಿದ್ದೇನೆ. ಬಿಡುವ ಮೊದಲು ಡಾಕ್ಟರಿಗೆ ಒಂದು ಫೋನ್ ಮಾಡಿ.

ನಮ್ಮಜ್ಜಿ ದಿನಾ ಜಪ ಮಾಡುತ್ತಾರೆ. ಅದೂ ಇದೂ ಒಂದೇನಾ?

ಬೇರು ಒಂದೇ ಮಣ್ಣಿನದು. ಅಧ್ಯಯನದಲ್ಲಿ ಬಳಸಿದ್ದನ್ನು 1979ರಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶುರು ಮಾಡಿದರು. ಬೌದ್ಧ ಧ್ಯಾನ, ಹಗುರವಾದ ಯೋಗಾಸನ ಎರಡನ್ನೂ ತೆಗೆದುಕೊಂಡು, ಪೂಜೆ ಪುನಸ್ಕಾರ ಇಲ್ಲದೆ ಎಂಟು ವಾರದ ಪಾಠವಾಗಿ ಜೋಡಿಸಿದರು. ಮಲಗಿಕೊಂಡು ಕಾಲಿನ ಬೆರಳಿನಿಂದ ತಲೆಯವರೆಗೆ ಒಂದೊಂದೇ ಅಂಗವನ್ನು ಗಮನಿಸುವುದು. ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ಅಗಿಯುವುದು. "ಏನಾಗಿಬಿಡುತ್ತೋ" ಅಂತ ಮುಂದಕ್ಕೆ ಓಡುವ ಮನಸ್ಸನ್ನು ಬೈಯದೆ ಈ ಕ್ಷಣಕ್ಕೆ ಕರೆತರುವುದು. ಎಲ್ಲ ಕಡೆ ಒಂದೇ ಪಾಠ ಆದ್ದರಿಂದಲೇ ಅದನ್ನು ಪರೀಕ್ಷಿಸಲು ಆಯಿತು.

ಅಜ್ಜಿಯ ಜಪಕ್ಕೆ ಅದರದೇ ಅರ್ಥ ಇದೆ, ಅವರಿಗೆ ಅದರಿಂದ ನೆಮ್ಮದಿ ಇದ್ದರೆ ಟ್ರಯಲ್ ಸರ್ಟಿಫಿಕೇಟ್ ಬೇಕಿಲ್ಲ. ಆದರೆ ಆ ಅಧ್ಯಯನದ ಅಂಕಗಳನ್ನು ಜಪಕ್ಕೆ ಹಚ್ಚಲು ಬರುವುದಿಲ್ಲ.

ನಮ್ಮ ಪದ್ಧತಿಗಳನ್ನೂ ಪರೀಕ್ಷಿಸಿದ್ದಾರೆ. ನಿಮ್ಹಾನ್ಸ್ ತಂಡ 2000ದಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ತೀವ್ರ ಖಿನ್ನತೆಯ 45 ಜನರನ್ನು 15ರಂತೆ ಮೂರು ಗುಂಪು ಮಾಡಿದ್ದರು. ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಒಂದಕ್ಕೆ ಇಮಿಪ್ರಮೀನ್ ಮಾತ್ರೆ, ಒಂದಕ್ಕೆ ಸುದರ್ಶನ ಕ್ರಿಯೆಯ ಉಸಿರಾಟ. ನಾಲ್ಕು ವಾರದ ಕೊನೆಗೆ ಲಕ್ಷಣ ಹೋದವರು ನೂರಕ್ಕೆ 93, 73, 67. ಉಸಿರಾಟದ ಗುಂಪು ಮಾತ್ರೆಯ ಹತ್ತಿರ ಹತ್ತಿರ ಬಂತು. ಆದರೆ ಹದಿನೈದೇ ಜನ. ಒಬ್ಬರು ಆಚೀಚೆ ಆದರೂ ಲೆಕ್ಕ ಏಳು ಅಂಕ ಅಲುಗುತ್ತದೆ. ಅದು ಖಿನ್ನತೆಯ ಅಧ್ಯಯನ, ಆತಂಕದ್ದಲ್ಲ ಅನ್ನುವುದೂ ನೆನಪಿರಲಿ.

ಧ್ಯಾನದಿಂದ ತೊಂದರೆಯೂ ಆಗುತ್ತದಾ?

ಆಗಬಹುದು. 2020ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಧ್ಯಾನ ಮಾಡಿದವರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಏನಾದರೂ ಕೆಟ್ಟ ಅನುಭವ ಆಗಿತ್ತು. ಅದರಲ್ಲಿ ಜಾಸ್ತಿ ಕಂಡದ್ದು ಆತಂಕ ಮತ್ತು ಖಿನ್ನತೆಯೇ. ನಾನೂ ಮೊದಲ ಸಲ ಕಣ್ಣು ಮುಚ್ಚಿ ಉಸಿರು ಗಮನಿಸಿದಾಗ ಎದೆ ಢವಢವ ಅನ್ನುವುದು ಇನ್ನೂ ಜೋರಾಗಿ ಕೇಳಿಸಿ ಹೆದರಿದ್ದೆ. ಕಲಿಸುತ್ತಿದ್ದವರು "ಕಣ್ಣು ಬಿಡಿ, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ" ಅಂದರು. ಸರಿಹೋಯಿತು. ಎದುರಿಗೆ ಕಲಿಸುವವರು ಇರಬೇಕು ಅನ್ನುವುದು ಇದಕ್ಕೇ. ಹಿಂದೆ ದೊಡ್ಡ ಆಘಾತ ಅನುಭವಿಸಿದವರು, ಯಾರಿಗೂ ಕೇಳಿಸದ ದನಿ ಕೇಳಿಸುವಂಥ ಕಾಯಿಲೆ ಇದ್ದವರು ಮನೋವೈದ್ಯರನ್ನು ಕೇಳದೆ ಹತ್ತು ದಿನದ ಮೌನ ಶಿಬಿರಗಳಿಗೆ ಹೋಗಬೇಡಿ.

ಎಲ್ಲ ಅಧ್ಯಯನಗಳೂ ಧ್ಯಾನದ ಪರವಾಗಿಯೇ ಇವೆಯಾ?

ಇಲ್ಲ. 2014ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ 47 ಟ್ರಯಲ್‌ಗಳನ್ನು, 3515 ಜನರ ಮಾಹಿತಿಯನ್ನು ಜೋಡಿಸಿ ನೋಡಿತು. ಆತಂಕದಲ್ಲಿ ಸಾಧಾರಣ ಮಟ್ಟದ ಸುಧಾರಣೆ ಕಂಡಿತು. ವ್ಯಾಯಾಮ, ಮಾತ್ರೆಗಳಿಗಿಂತ ಧ್ಯಾನ ಮೇಲು ಅನ್ನಲು ಪುರಾವೆ ಸಿಗಲಿಲ್ಲ. ಬ್ರಿಟನ್ನಿನಲ್ಲಿ 11ರಿಂದ 14 ವರ್ಷದ 8000ಕ್ಕೂ ಹೆಚ್ಚು ಮಕ್ಕಳಿಗೆ ಶಾಲೆಯಲ್ಲೇ ಮೈಂಡ್‌ಫುಲ್‌ನೆಸ್ ಕಲಿಸಿ ನೋಡಿದರು. 2022ರಲ್ಲಿ ಬಂದ ಫಲಿತಾಂಶ: ಮಾಮೂಲಿ ಪಾಠಕ್ಕಿಂತ ಲಾಭ ಇಲ್ಲ. ನಮ್ಮ ಶಾಲೆಗಳು ಇಂಥದ್ದನ್ನು ಕಡ್ಡಾಯ ಮಾಡುವ ಮೊದಲು ಇದನ್ನು ಓದಬೇಕು ಅನ್ನುವುದು ನನ್ನ ಅಭಿಪ್ರಾಯ. ಬೇಕು ಅಂತ ಬಂದ 33 ವರ್ಷದವರಿಗೆ ಹಿಡಿಸಿದ್ದು ಬೇಡ ಅನ್ನುವ 12 ವರ್ಷದ ಮಗುವಿಗೆ ಹಿಡಿಸಲೇಬೇಕು ಅಂತಿಲ್ಲ.

ಆತಂಕದ ಕಾಯಿಲೆ ಇದೆ ಅಂತ ಹೇಗೆ ಗೊತ್ತಾಗುತ್ತದೆ? ಬ್ಲಡ್ ಟೆಸ್ಟ್ ಇದೆಯಾ?

ಆತಂಕವನ್ನೇ ತೋರಿಸುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನೂ ಇಲ್ಲ. ಡಾಕ್ಟರ್ ಮಾತಾಡಿಸಿ ತಿಳಿಯುತ್ತಾರೆ. ಆದರೂ ರಕ್ತಪರೀಕ್ಷೆ ಬರೆಯುವುದಕ್ಕೆ ಕಾರಣ ಇದೆ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಎದೆ ಬಡಿತ, ಕೈ ನಡುಕ, ಬೆವರು, ನಿದ್ದೆಗೇಡು ಬರುತ್ತದೆ. ರಕ್ತ ಕಡಿಮೆಯಿದ್ದರೂ ಎದೆ ಹೊಡೆದುಕೊಳ್ಳುತ್ತದೆ. ದಿನಕ್ಕೆ ಆರು ಲೋಟ ಕಾಫಿ ಕುಡಿದರೂ ಅಷ್ಟೇ. ಅವನ್ನು ಮೊದಲು ಪಕ್ಕಕ್ಕಿಡಬೇಕು.

ಜೊತೆಗೆ ಜಿಎಡಿ-7 ಎಂಬ ಏಳು ಪ್ರಶ್ನೆಗಳ ಪಟ್ಟಿ ಕೊಡಬಹುದು. 2006ರಲ್ಲಿ ಬಂದದ್ದು. ಕಳೆದ ಎರಡು ವಾರದಲ್ಲಿ ಚಿಂತೆ ನಿಲ್ಲಿಸಲು ಆಗಲಿಲ್ಲವಾ, ಚಡಪಡಿಕೆ ಇತ್ತಾ ಹೀಗೆ. ಒಂದೊಂದಕ್ಕೆ 0ಯಿಂದ 3. ಒಟ್ಟು 21. ಐದಕ್ಕೆ ಸೌಮ್ಯ, ಹತ್ತಕ್ಕೆ ಮಧ್ಯಮ, ಹದಿನೈದಕ್ಕೆ ತೀವ್ರ.

ಮೊಬೈಲಿನಲ್ಲಿ ಆ ಪರೀಕ್ಷೆ ಮಾಡಿದೆ, 12 ಬಂತು. ನನಗೆ ಕಾಯಿಲೆ ಇದೆಯಾ?

ಗಾಬರಿಯಾಗಬೇಡಿ. ಪೆನ್ನು ತಗೊಳ್ಳಿ, ಲೆಕ್ಕ ಹಾಕೋಣ.

ಈ ಪಟ್ಟಿಯನ್ನು ರೂಪಿಸಿದ ಅಧ್ಯಯನದಲ್ಲಿ, ಸದಾ ಚಿಂತೆಯ ಕಾಯಿಲೆ ನಿಜಕ್ಕೂ ಇದ್ದ ನೂರು ಜನರಲ್ಲಿ 89 ಜನರಿಗೆ ಹತ್ತು ಅಥವಾ ಜಾಸ್ತಿ ಬರುತ್ತಿತ್ತು. ಕಾಯಿಲೆ ಇಲ್ಲದ ನೂರು ಜನರಲ್ಲೂ 18 ಜನರಿಗೆ ಬರುತ್ತಿತ್ತು. ಈಗ ಒಂದು ಬಡಾವಣೆಯ 1000 ಜನ ಈ ಪರೀಕ್ಷೆ ಮಾಡಿಕೊಂಡರು, ಅವರಲ್ಲಿ 50 ಜನರಿಗೆ ನಿಜವಾಗಿ ಕಾಯಿಲೆ ಇದೆ ಅಂದುಕೊಳ್ಳಿ. ಆ 50ರಲ್ಲಿ ಸುಮಾರು 45 ಜನರಿಗೆ ಹತ್ತರ ಮೇಲೆ ಬರುತ್ತದೆ. ಉಳಿದ 950 ಜನರಲ್ಲೂ 171 ಜನರಿಗೆ ಬರುತ್ತದೆ. ಒಟ್ಟು 216 ಜನ. ಅದರಲ್ಲಿ ನಿಜವಾಗಿ ಕಾಯಿಲೆ ಇರುವವರು 45. ಐದರಲ್ಲಿ ಒಬ್ಬರು.

ಅದೇ ಪಟ್ಟಿಯನ್ನು ಮನೋವೈದ್ಯರ ಕ್ಲಿನಿಕ್ಕಿನಲ್ಲಿ ಕೊಟ್ಟರೆ? ಅಲ್ಲಿಗೆ ಬರುವ 1000 ಜನರಲ್ಲಿ 300 ಜನರಿಗೆ ಕಾಯಿಲೆ ಇದೆ ಅಂದುಕೊಂಡರೆ, ಹತ್ತರ ಮೇಲೆ ಬಂದ ಮೂವರಲ್ಲಿ ಇಬ್ಬರಿಗೆ ನಿಜವಾಗಿ ಇರುತ್ತದೆ. ಪರೀಕ್ಷೆ ಅದೇ, ಅರ್ಥ ಬೇರೆ. ಹೊಸ ಪರೀಕ್ಷೆಯನ್ನು ಎಂಥವರ ಮೇಲೆ ನಡೆಸಿ ನೋಡಿದರು ಅಂತ ಕೇಳಬೇಕಾದದ್ದು ಇದರಿಂದಲೇ. ಶುಗರ್, ಕ್ಯಾನ್ಸರ್ ತಪಾಸಣೆಗಳಿಗೂ ಈ ಲೆಕ್ಕ ಒಂದೇ.

ನಿಮ್ಮ 12ಕ್ಕೆ ಅರ್ಥ: ಒಬ್ಬ ಡಾಕ್ಟರ ಜೊತೆ ಮಾತಾಡುವುದು ಒಳ್ಳೆಯದು. ನಿದ್ದೆ, ಕೆಲಸ, ಊಟ ಕೆಟ್ಟಿದ್ದರೆ ಅಂಕ ಎಷ್ಟೇ ಇರಲಿ, ಹೋಗಿ.

ಹುಸಿ ಮಾತ್ರೆ ಕೊಡುವುದು ಮೋಸ ಅಲ್ವಾ?

ಹೇಳದೆ ಕೊಟ್ಟರೆ ಮೋಸ. ಟ್ರಯಲ್‌ನಲ್ಲಿ "ನಿಮಗೆ ಔಷಧಿಯಿಲ್ಲದ ಮಾತ್ರೆ ಬರುವ ಸಾಧ್ಯತೆ ಇದೆ" ಅಂತ ಒಪ್ಪಿಗೆ ಪತ್ರದಲ್ಲೇ ಬರೆದಿರಬೇಕು. ಆತಂಕದ ಅಧ್ಯಯನಗಳಲ್ಲಿ ಹುಸಿ ಮಾತ್ರೆ ತಗೊಂಡವರೂ ಸಾಕಷ್ಟು ಸುಧಾರಿಸುತ್ತಾರೆ. ಅದಕ್ಕೇ ಹೋಲಿಕೆಗೆ ಅದು ಬೇಕಾಗುತ್ತದೆ. ಒಳ್ಳೆಯ ಚಿಕಿತ್ಸೆ ಇದ್ದೂ ಅದನ್ನು ತಡೆಹಿಡಿದರೆ ರೋಗಿಗೆ ಗಂಭೀರ ಹಾನಿ ಆಗುವಂತಿದ್ದರೆ ಹುಸಿ ಮಾತ್ರೆ ಬಳಸುವಂತಿಲ್ಲ.

ಟ್ರಯಲ್‌ಗೆ ಸೇರಿ ಅಂತ ಡಾಕ್ಟರ್ ಕೇಳಿದ್ದಾರೆ. ಸಹಿ ಮಾಡುವ ಮೊದಲು ಏನು ನೋಡಬೇಕು?

ಮೊದಲು, ಅವತ್ತೇ ಸಹಿ ಮಾಡಬೇಡಿ. ಪತ್ರವನ್ನು ಮನೆಗೆ ಒಯ್ಯಿರಿ. ನಿಮಗೆ ತಿಳಿಯುವ ಭಾಷೆಯಲ್ಲಿ ಕೊಡುವುದು ಅವರ ಕರ್ತವ್ಯ. ಕನ್ನಡದ ಪತ್ರ ಕೇಳಿ. ಓದಲು ಬಾರದವರಿದ್ದರೆ ಟ್ರಯಲ್‌ಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಆ ಮಾತುಕತೆ ಪೂರ್ತಿ ಜೊತೆಗಿರಬೇಕು.

ಈ ವಿಷಯದಲ್ಲಿ ನನ್ನದೇ ಒಂದು ತಪ್ಪಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯರು ಪತ್ರ ನೋಡದೆ ಹೆಬ್ಬೆಟ್ಟು ಒತ್ತಲು ಕೈ ಚಾಚಿದರು. "ಡಾಕ್ಟ್ರು ಹೇಳಿದ್ಮೇಲೆ ಮುಗೀತು ಕಣಮ್ಮ" ಅಂದರು. ಆ ವಾರದ ಸಂಖ್ಯೆ ತುಂಬಬೇಕು ಅಂತ ಮೇಲಿನವರ ಅವಸರ. ನಾನು ಅರ್ಧ ಓದಿ ಹೇಳಿ ಶಾಯಿ ಪ್ಯಾಡ್ ಮುಂದಿಟ್ಟೆ. ಅವರಿಗೆ ತೊಂದರೆ ಏನೂ ಆಗಲಿಲ್ಲ. ಆದರೆ ಆ ಹೆಬ್ಬೆಟ್ಟು ಈಗಲೂ ಕಣ್ಣ ಮುಂದೆ ಬರುತ್ತದೆ. ಆಮೇಲೆ ಯಾರಿಗೂ ಹಾಗೆ ಮಾಡಲಿಲ್ಲ.

ನಮ್ಮ ದೇಶ ಇದನ್ನು ದೊಡ್ಡ ಮಟ್ಟದಲ್ಲೂ ಕಂಡಿದೆ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂನಲ್ಲಿ ನಡೆದ ಲಸಿಕೆ ಅಧ್ಯಯನದಲ್ಲಿ ಹುಡುಗಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಮಾಡಿದ್ದು ಹೊರಬಂದು, ಅಧ್ಯಯನವೇ ನಿಂತಿತು. 2019ರ ಮಾರ್ಚ್‌ನಲ್ಲಿ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಬಂದವು. ಅವುಗಳ ಪ್ರಕಾರ, ಸೇರುವವರ ಹಿತ ಕಾಯುವ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು. ಒಬ್ಬರಾದರೂ ಮಹಿಳೆ, ಒಬ್ಬರು ಕಾನೂನು ತಿಳಿದವರು, ಒಬ್ಬರು ನಮ್ಮ ನಿಮ್ಮಂಥ ಸಾಮಾನ್ಯರು. ಅರ್ಧದಷ್ಟು ಜನ ಆಸ್ಪತ್ರೆಗೆ ಸೇರದವರು. ಆ ಕಮಿಟಿಯ ಫೋನ್ ನಂಬರ್ ನಿಮ್ಮ ಪತ್ರದಲ್ಲಿ ಇರಬೇಕು. ಇಲ್ಲದಿದ್ದರೆ ಕೇಳಿ.

ಸಿಟಿಆರ್‌ಐ ನೋಂದಣಿ ಸಂಖ್ಯೆಯನ್ನೂ ಕೇಳಿ. ಇದು ದೇಶದ ಎಲ್ಲ ಟ್ರಯಲ್‌ಗಳ ದಾಖಲೆ ಪುಸ್ತಕ. 2007ರಲ್ಲಿ ಶುರುವಾಯಿತು. 2018ರ ಏಪ್ರಿಲ್‌ನಿಂದ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಇಲ್ಲಿ ಬರೆಸಬೇಕು. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಯಾಕೆ ಮೊದಲೇ ಬರೆಸಬೇಕು ಅಂದರೆ, ಲಾಟರಿ ಹೊಡೆದವರ ಫೋಟೊ ಮಾತ್ರ ಪೇಪರಿನಲ್ಲಿ ಬರುತ್ತದೆ, ಟಿಕೆಟ್ ಹರಿದು ಬಿಸಾಡಿದವರದ್ದು ಬರುವುದಿಲ್ಲ. ಸೋತ ಅಧ್ಯಯನಗಳನ್ನು ಯಾರೂ ಹಾಗೆ ಮುಚ್ಚಿಡಬಾರದು.

ಟ್ರಯಲ್‌ನಿಂದ ತೊಂದರೆ ಆದರೆ ಯಾರು ಹೊಣೆ? ಖರ್ಚು ಯಾರದು?

ಹೊಸ ಔಷಧಿಯ ಟ್ರಯಲ್‌ನಲ್ಲಿ ತೊಂದರೆಯಾದರೆ ಪುಕ್ಕಟೆ ಚಿಕಿತ್ಸೆ ಕೊಡಿಸಬೇಕು. ಹಾನಿ ಅಥವಾ ಸಾವು ಟ್ರಯಲ್‌ನಿಂದಲೇ ಆಗಿದ್ದರೆ ಪರಿಹಾರ ಕೊಡಬೇಕು. ಇದು 2019ರ ನಿಯಮ. ಪರೀಕ್ಷಿಸುತ್ತಿರುವ ಔಷಧಿಗೆ ನಿಮ್ಮಿಂದ ಹಣ ಕೇಳಿದರೆ ಕಮಿಟಿಗೆ ತಿಳಿಸಿ. ಬಸ್ ಚಾರ್ಜು, ಹೋದ ದಿನದ ಕೂಲಿ ಕೊಡುತ್ತಾರಾ ಅಂತಲೂ ಸಂಕೋಚವಿಲ್ಲದೆ ಕೇಳಿ. ನಡುವೆ ಬಿಟ್ಟುಹೋದರೆ ನಿಮ್ಮ ಮಾಮೂಲಿ ಚಿಕಿತ್ಸೆಗೆ ಯಾರೂ ಅಡ್ಡಿ ಮಾಡುವಂತಿಲ್ಲ.

ನಮ್ಮ ಊರಿನಲ್ಲಿ ಮನೋವೈದ್ಯರೂ ಇಲ್ಲ, ಧ್ಯಾನ ಕಲಿಸುವವರೂ ಇಲ್ಲ. ಏನು ಮಾಡೋಣ?

ಈ ಪ್ರಶ್ನೆಯನ್ನೂ ಟ್ರಯಲ್ ಮಾಡಿ ಕೇಳಿದ್ದಾರೆ, ಪಕ್ಕದ ಗೋವಾದಲ್ಲೇ. ಮಾನಸ್ ಎಂಬ ಆ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಡಾಕ್ಟರ್ ಓದದ ಸ್ಥಳೀಯರಿಗೆ ತರಬೇತಿ ಕೊಟ್ಟು ಆತಂಕ, ಖಿನ್ನತೆ ಇದ್ದವರಿಗೆ ಸಲಹೆ ಕೊಡಲು ಕೂರಿಸಿದರು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಆರು ತಿಂಗಳಿಗೆ ಚೇತರಿಸಿಕೊಂಡವರು ನೂರಕ್ಕೆ 66. ಅಂಥವರಿಲ್ಲದ ಕೇಂದ್ರಗಳಲ್ಲಿ 43. ಖಾಸಗಿ ಕ್ಲಿನಿಕ್ಕುಗಳಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ.

ನಮ್ಮಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಅಂತ ವಿಚಾರಿಸಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ತೆಗೆಯುತ್ತಾರೆ. ಬದುಕೇ ಬೇಡ ಅನ್ನಿಸುತ್ತಿದ್ದರೆ ಈಗಲೇ ಮಾಡಿ.

ಟ್ರಯಲ್ ಮುಗಿದ ಮೇಲೆ ಫಲಿತಾಂಶ ನಮಗೆ ಹೇಳುತ್ತಾರಾ?

ಹೇಳಬೇಕು. ಎಷ್ಟೋ ಕಡೆ ಹೇಳುವುದಿಲ್ಲ. ಒಬ್ಬ ಹೆಂಗಸು ಕೊನೆಯ ಭೇಟಿಯ ದಿನ ಬಾಗಿಲಲ್ಲಿ ನಿಂತು "ನಂದು ಯಾವ ಗುಂಪು ಅಂತ ಆಮೇಲಾದರೂ ಹೇಳ್ತೀರಲ್ವಾ ಮೇಡಂ?" ಅಂತ ಕೇಳಿದ್ದರು. ಗುಟ್ಟು ಬಿಚ್ಚಲು ಇನ್ನೂ ಹದಿನಾಲ್ಕು ತಿಂಗಳು ಇತ್ತು. ಅವರ ನಂಬರನ್ನು ನನ್ನ ಡೈರಿಯಲ್ಲಿ ಬರೆದಿಟ್ಟುಕೊಂಡು, ಆ ದಿನ ಬಂದಾಗ ಫೋನ್ ಮಾಡಿದೆ. ಅವರಿಗೆ ಬಂದದ್ದು ಹುಸಿ ಮಾತ್ರೆ. "ಪರವಾಗಿಲ್ಲ, ಔಷಧಿ ಕೆಲಸ ಮಾಡ್ತಾ?" ಅಂತ ಕೇಳಿದರು. ಮಾಡಿತ್ತು. ಸಹಿ ಮಾಡುವ ದಿನವೇ ಇದನ್ನು ಕೇಳಿ, ಫಲಿತಾಂಶ ಬಂದಾಗ ಯಾರು ಫೋನ್ ಮಾಡುತ್ತಾರೆ ಅಂತ ಹೆಸರು ಬರೆಸಿಕೊಳ್ಳಿ.